ಭಾರಪರೀಕ್ಷೆಯಲ್ಲಿ ಫೈಲು ನಿಜವಾಗಿ ತಲುಪಿತೇ?



ವಿಶ್ರಾಂತಿಯಲ್ಲಿರುವಾಗ ತೆಗೆದ ಇಸಿಜಿ ಸಹಜವಾಗಿದ್ದರೂ ಹೃದಯದ ರಕ್ತನಾಳ ಕಿರಿದಾಗಿರಬಹುದು. ಆದುದರಿಂದಲೇ ವೈದ್ಯರಾದ ನಾವು ರೋಗಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತೇವೆ. ಕಂಪ್ಯೂಟರ್ ಸೇವೆಗಳಿಗೂ ಇಂಥದೊಂದು ಪರೀಕ್ಷೆಯುಂಟು. ನೂರಾರು ಕೃತಕ ಬಳಕೆದಾರರನ್ನು ಏಕಕಾಲಕ್ಕೆ ಸರ್ವರಿನ ಮೇಲೆ ಬಿಟ್ಟು, ಅದು ಎಲ್ಲಿ ಏದುಸಿರು ಬಿಡುತ್ತದೆಂದು ನೋಡುವ ಈ ಕ್ರಮಕ್ಕೆ ಲೋಡ್ ಟೆಸ್ಟ್, ಅಂದರೆ ಭಾರಪರೀಕ್ಷೆ ಎಂದು ಹೆಸರು. ಕಳುಹಿಸಬೇಕಾದುದು ಬರಿಯ ಅಕ್ಷರಗಳಲ್ಲದೆ ದೊಡ್ಡ ಫೈಲುಗಳಾದಾಗ ಈ ಪರೀಕ್ಷೆಯೇ ಹೇಗೆ ದಾರಿ ತಪ್ಪುತ್ತದೆಂಬುದನ್ನು ಇಂದು ವಿವೇಚಿಸೋಣ.

ಅಮೆರಿಕದ ರಾತ್ರಿ ಬೆಂಗಳೂರಿನ ಹಗಲು. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆ ಈ ಕಾಲವ್ಯತ್ಯಾಸವನ್ನು ಬಳಸಿಕೊಂಡು ದೂರದ ಆಸ್ಪತ್ರೆಗಳ ಸ್ಕ್ಯಾನ್‌ಗಳನ್ನು ಓದತೊಡಗಿತು. ಇಂಥ ಕೆಲಸದಲ್ಲಿ ವಿಳಂಬದ ಬೆಲೆ ದೊಡ್ಡದು. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಬಡಿದಾಗ, ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಸ್ಕ್ಯಾನಿನ ಚಿತ್ರ ತಲುಪದಿದ್ದರೆ ತಜ್ಞನ ಜ್ಞಾನ ನಿಷ್ಫಲ.

ವೆಬ್ ಫಾರ್ಮಿನ ಮೂಲಕ ಫೈಲು ಕಳುಹಿಸುವ ವಿಧಾನವನ್ನು 1995ರ ನವೆಂಬರಿನಲ್ಲಿ ಆರ್‌ಎಫ್‌ಸಿ 1867 ಎಂಬ ದಾಖಲೆ ವಿವರಿಸಿತು. ಇದರಲ್ಲಿ ಒಂದೇ ಲಕೋಟೆಯೊಳಗೆ ಹಲವು ಭಾಗಗಳಿರುತ್ತವೆ. ಭಾಗಗಳ ನಡುವೆ ಬೌಂಡರಿ ಎಂಬ ಗಡಿಗೆರೆ ಇರುತ್ತದೆ. ಆ ಗೆರೆ ಯಾವುದೆಂಬುದನ್ನು ಲಕೋಟೆಯ ತಲೆಬರಹವಾದ ಕಂಟೆಂಟ್-ಟೈಪ್‌ನಲ್ಲಿಯೇ ಹೇಳಬೇಕು. ಪರೀಕ್ಷಕರು ಆ ತಲೆಬರಹವನ್ನು ಕೈಯಾರೆ ಬರೆದು ಗಡಿಗೆರೆಯನ್ನು ಬಿಟ್ಟರೆ, ಸರ್ವರಿಗೆ ಭಾಗಗಳನ್ನು ಬಿಡಿಸಲಾಗದು; ಸಾಮಾನ್ಯವಾಗಿ 400 ಎಂಬ ತಿರಸ್ಕಾರ ಬರುತ್ತದೆ. ಆ ಬರಹವನ್ನು ಪರೀಕ್ಷಾ ಉಪಕರಣಕ್ಕೇ ಬಿಡುವುದು ಲೇಸು. ವೈದ್ಯಕೀಯ ಚಿತ್ರಗಳ ಡೈಕಾಮ್‌ವೆಬ್ ಪದ್ಧತಿಯಲ್ಲಂತೂ ಲಕೋಟೆಯ ಜಾತಿಯೇ ಬೇರೆ: ಮಲ್ಟಿಪಾರ್ಟ್/ಫಾರ್ಮ್-ಡೇಟಾ ಅಲ್ಲ, ಮಲ್ಟಿಪಾರ್ಟ್/ರಿಲೇಟೆಡ್.

ಎರಡನೆಯದು ಹೆಸರು ಮತ್ತು ವಿಳಾಸ. ಸರ್ವರು ಫೈಲನ್ನು ಯಾವ ಹೆಸರಿನ ಭಾಗದಲ್ಲಿ ನಿರೀಕ್ಷಿಸುತ್ತದೆಯೋ ಅದೇ ಹೆಸರಿರಬೇಕು. ಜೆಮೀಟರ್ ಉಪಕರಣವನ್ನು ಹಲವು ಯಂತ್ರಗಳಲ್ಲಿ ಹಂಚಿ ನಡೆಸುವಾಗ ಅದು ಪರೀಕ್ಷೆಯ ಯೋಜನೆಯನ್ನು ಮಾತ್ರ ರವಾನಿಸುತ್ತದೆ. ಫೈಲುಗಳನ್ನು ಪ್ರತಿ ಯಂತ್ರದಲ್ಲೂ ನಾವೇ ಮೊದಲು ಇಟ್ಟಿರಬೇಕು.

ಮೂರನೆಯದು ಗಾತ್ರ. 413 ಎಂಬ ಉತ್ತರ ಬಂದರೆ ಫೈಲು ಬಾಗಿಲಿಗಿಂತ ದೊಡ್ಡದೆಂದು ಅರ್ಥ. ಎಂಜಿನ್‌ಎಕ್ಸ್ ಎಂಬ ಪ್ರಸಿದ್ಧ ದ್ವಾರಪಾಲಕ ತಂತ್ರಾಂಶ, ಬೇರೆ ಅಪ್ಪಣೆಯಿಲ್ಲದಿದ್ದರೆ, 1 ಮೆಗಾಬೈಟಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಸಿ.ಟಿ. ಸ್ಕ್ಯಾನಿನ ಒಂದು ಚಿತ್ರದಲ್ಲಿ 512 ಅಡ್ಡ, 512 ಉದ್ದ ಬಿಂದುಗಳು. ಬಿಂದುವಿಗೆ 2 ಬೈಟು. ಸಂಕುಚಿಸದ 300 ಚಿತ್ರಗಳಿಗೆ ಸುಮಾರು 157 ಮೆಗಾಬೈಟು. ನೂರು ಬಳಕೆದಾರರು ಒಟ್ಟಿಗೆ ಕಳುಹಿಸಿದರೆ 15.7 ಗಿಗಾಬೈಟು. ಸೆಕೆಂಡಿಗೆ 1 ಗಿಗಾಬಿಟ್ ಹರಿಸುವ ತಂತಿಯಲ್ಲಿ ಅದು ಸಾಗಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕು. ಆ ತಂತಿ ಪರೀಕ್ಷಕರದೇ ಆಗಿದ್ದರೆ, ನಿಧಾನವಾದದ್ದು ಸರ್ವರಲ್ಲ, ಪರೀಕ್ಷಿಸುವ ಯಂತ್ರ. ಎದೆಗೆ ಅಂಟಿಸಿದ ಇಲೆಕ್ಟ್ರೋಡ್ ಸಡಿಲವಾಗಿರುವಾಗ ಹೃದಯವನ್ನು ದೂರುವುದು ನ್ಯಾಯವಲ್ಲ.

ಇವೆಲ್ಲಕ್ಕಿಂತ ಅಪಾಯಕರವಾದುದು ದೋಷವೇ ಕಾಣದ ಪರೀಕ್ಷೆ. 200 ಎಂಬ ಉತ್ತರ ಬಂದೊಡನೆ ವರದಿ ಹಸುರಾಗುತ್ತದೆ. ಆದರೆ ಫೈಲಿನ ಬದಲು ಅದರ ಹೆಸರಷ್ಟೇ ಹೋಗಿರಬಹುದು. ಸೊನ್ನೆ ಬೈಟಿನ ಫೈಲನ್ನು ಸರ್ವರು ಮರುಮಾತಿಲ್ಲದೆ ಸ್ವೀಕರಿಸಿರಬಹುದು. ಬರಿಗೈಯಲ್ಲಿ ಓಡುವವನು ವೇಗವಾಗಿಯೇ ಓಡುತ್ತಾನೆ. ಆದಕಾರಣ ಉತ್ತರದ ಅಂಕಿಯೊಂದನ್ನೇ ನಂಬದೆ, ತಲುಪಿದ ಫೈಲುಗಳ ಸಂಖ್ಯೆ, ಗಾತ್ರ ಹಾಗೂ ಎಸ್‌ಎಚ್‌ಎ-256 ಎಂಬ ಗಣಿತಮುದ್ರೆ ಮೂಲದೊಡನೆ ಹೊಂದುತ್ತವೆಯೇ ಎಂದು ತಾಳೆ ನೋಡಬೇಕು. ಒಂದು ಬಿಟ್ ಬದಲಾದರೂ ಮುದ್ರೆ ಬದಲಾಗುತ್ತದೆ.

ಕ್ರಮವಿಷ್ಟೇ: ಮೊದಲು ಒಬ್ಬ ಬಳಕೆದಾರ, ಒಂದು ಫೈಲು, ಅದು ಇಡಿಯಾಗಿ ತಲುಪಿತೆಂದು ದೃಢವಾದ ಮೇಲೆ ಹತ್ತು, ಆಮೇಲೆ ನೂರು. ಮೊದಲ ಫೈಲೇ ತಲುಪದಿದ್ದರೆ ಅದು ಭಾರದ ದೋಷವಲ್ಲ, ಕಳುಹಿಸಿದ ರೀತಿಯ ದೋಷ. ನೂರರಲ್ಲಿ ಮಾತ್ರ ತಡವರಿಸಿದರೆ ಆಗ ಸರ್ವರಿನ ಸಾಮರ್ಥ್ಯವನ್ನು ಶೋಧಿಸಬಹುದು.

ಕೊನೆಯದಾಗಿ ಒಂದು ಮಾತು. ಪರೀಕ್ಷೆಗೆ ನಿಜವಾದ ರೋಗಿಗಳ ಚಿತ್ರಗಳನ್ನು ಬಳಸಬಾರದು. ಡೈಕಾಮ್ ಫೈಲಿನ ಒಡಲಲ್ಲಿಯೇ ರೋಗಿಯ ಹೆಸರು, ಜನ್ಮದಿನಾಂಕಗಳಿರುತ್ತವೆ. ಕೃತಕ ಚಿತ್ರಗಳು ಸಾಕು, ಗಾತ್ರವೊಂದು ನಿಜದಂತಿರಲಿ. ನಮ್ಮ ನಡುವಿನ ತರುಣ ಇಂಜಿನಿಯರುಗಳು ತಮ್ಮ ಪರೀಕ್ಷೆಗಳಲ್ಲಿ ಇಷ್ಟು ಎಚ್ಚರ ವಹಿಸಿದರೆ, ಸ್ಕ್ಯಾನಿನ ಚಿತ್ರಕ್ಕಾಗಿ ಕಾಯುವ ವೈದ್ಯರೂ ರೋಗಿಗಳೂ ಅವರಿಗೆ ಋಣಿಗಳಾಗಿರುತ್ತಾರೆ.