ವಿಪತ್ತು ನೋಡಿಕೊಳ್ಳುವ ಸಾಹೇಬರ ಸಂಬಳ ಎಷ್ಟು?

ಬಿರುಗಾಳಿಗೆ ಮನೆಯ ಶೀಟು ಹಾರಿಹೋದರೆ ಕೋಡಿಹಳ್ಳಿಯಂಥ ಊರಿನವರು ಮೊದಲು ಹುಡುಕುವುದು ಗ್ರಾಮ ಆಡಳಿತ ಅಧಿಕಾರಿಯನ್ನು, ಆಮೇಲೆ ನಾಡಕಚೇರಿಯನ್ನು. ಆನೆ ಹಿಂಡು ತೋಟಕ್ಕೆ ನುಗ್ಗಿದರೆ ಅರಣ್ಯ ಇಲಾಖೆಯನ್ನು. ವಿಪತ್ತು ನಿರ್ವಹಣೆಗೆಂದೇ ಒಬ್ಬ ನಿರ್ದೇಶಕರನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮ ಜಿಲ್ಲೆಗಳಲ್ಲಿಲ್ಲ. ಅಮೆರಿಕದಲ್ಲಿ ಅದು ಪ್ರತ್ಯೇಕ ವೃತ್ತಿ. 2023ರಲ್ಲಿ ಅಲ್ಲಿ ಅಂಥ ನಿರ್ದೇಶಕರ ಮಧ್ಯಮ ವಾರ್ಷಿಕ ವೇತನ ಸುಮಾರು 84 ಸಾವಿರ ಡಾಲರ್.

ಇಲ್ಲಿ ಆ ಹೊಣೆ ಜಿಲ್ಲಾಧಿಕಾರಿಯದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಅವರೇ ಪದನಿಮಿತ್ತ ಅಧ್ಯಕ್ಷರು. ಪ್ರಾಧಿಕಾರದ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಾಗುವಂತಿಲ್ಲ. ಪದನಿಮಿತ್ತ ಎಂದ ಮೇಲೆ ಮುಗಿಯಿತು: ಕೆಲಸ ಹೆಚ್ಚುತ್ತದೆ, ಸಂಬಳದ ಚೀಟಿ ಹಾಗೇ ಇರುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಮೈಸೂರು ಹೆದ್ದಾರಿಯೇ ನೀರಲ್ಲಿ ಮುಳುಗಿದ್ದ ತಿಂಗಳಿಗೂ, ಹನಿ ಬೀಳದ ತಿಂಗಳಿಗೂ ಮೂಲ ವೇತನ ಒಂದೇ.

ಆ ಮೂಲ ವೇತನ ಸೇವಾ ಹಿರಿತನವನ್ನು ಅವಲಂಬಿಸುತ್ತದೆ. ಐಎಎಸ್ ಅಧಿಕಾರಿ ಕೇಂದ್ರದ 7ನೇ ವೇತನ ಆಯೋಗದ 12ನೇ ಹಂತದಲ್ಲಿದ್ದರೆ ಆರಂಭ 78,800 ರೂಪಾಯಿ. 13ನೇ ಹಂತಕ್ಕೆ ಏರಿದರೆ 1,23,100. ಇದರ ಮೇಲೆ ತುಟ್ಟಿಭತ್ಯೆ. 2025ರ ಜನವರಿಯ ದರ ಶೇ. 55 ಹಿಡಿದರೆ 78,800ಕ್ಕೆ 43,340 ಸೇರಿ 1,22,140 ಆಗುತ್ತದೆ. ಸರ್ಕಾರಿ ಬಂಗಲೆ, ಕಾರು ಬೇರೆ. ಬಂಗಲೆಯಲ್ಲಿರುವವರಿಗೆ ಮನೆ ಬಾಡಿಗೆ ಭತ್ಯೆ ಇಲ್ಲ.

ಕೆಳಗಿಳಿದರೆ ಲೆಕ್ಕ ರಾಜ್ಯದ್ದು. ಕೆ. ಸುಧಾಕರ್ ರಾವ್ ನೇತೃತ್ವದ 7ನೇ ರಾಜ್ಯ ವೇತನ ಆಯೋಗದ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಜಾರಿಗೆ ಬಂದವು. ಗ್ರೇಡ್-2 ತಹಶೀಲ್ದಾರರಿಗೆ 69,250ರಿಂದ 1,34,200. ಗ್ರಾಮ ಆಡಳಿತ ಅಧಿಕಾರಿಗೆ 34,100ರಿಂದ 67,600. ಬಿದ್ದ ಗೋಡೆಯ ಮುಂದೆ ನಿಂತು ಫೋಟೊ ತೆಗೆದು, ಮಹಜರು ಬರೆದು, ಪರಿಹಾರ ತಡವಾದರೆ ಬೈಸಿಕೊಳ್ಳುವವರು ಇವರೇ. ಇವರ ಜೊತೆ ಓಡಾಡುವ ಗ್ರಾಮ ಸಹಾಯಕರಿಗಂತೂ ವೇತನ ಶ್ರೇಣಿಯೇ ಇಲ್ಲ, ಬರೀ ಗೌರವಧನ. ಈ ಏಣಿಯಲ್ಲಿ ನನಗೆ ಅನ್ಯಾಯ ಕಾಣುವುದು ಮೇಲಲ್ಲ, ಇಲ್ಲಿ.

ಕೋಡಿಹಳ್ಳಿಯಿಂದ ಕೆಲಸಕ್ಕೆ ಬೆಂಗಳೂರು ಸೇರಿದವರಿಗೆ ಇನ್ನೊಂದು ವಿಷಯ. ವಿಪತ್ತು ನಿರ್ವಹಣಾ ಕಾಯ್ದೆಗೆ 2025ರಲ್ಲಿ ಬಂದ ತಿದ್ದುಪಡಿ, ರಾಜ್ಯದ ರಾಜಧಾನಿಗಳಿಗೂ ಮಹಾನಗರ ಪಾಲಿಕೆ ಇರುವ ಊರುಗಳಿಗೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ದಾರಿ ಮಾಡಿದೆ. ಅಲ್ಲಿ ಪಾಲಿಕೆ ಆಯುಕ್ತರು ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ಅದೂ ಪದನಿಮಿತ್ತವೇ. ಆಯುಕ್ತರು ಪ್ರಧಾನ ಕಾರ್ಯದರ್ಶಿ ದರ್ಜೆಯವರಾದರೆ ಮೂಲ ವೇತನ 1,82,200ರಿಂದ ಶುರು. ಅಪರ ಮುಖ್ಯ ಕಾರ್ಯದರ್ಶಿ ದರ್ಜೆಗೆ 2,25,000.

ನಿಮ್ಮ ತಾಲ್ಲೂಕಿನ ಲೆಕ್ಕ ಬೇಕೇ? ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಅಡಿಯಲ್ಲಿ ಪ್ರತಿ ಕಚೇರಿಯೂ ತನ್ನ ಅಧಿಕಾರಿ, ನೌಕರರ ಮಾಸಿಕ ವೇತನವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲವಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕೊಡಿ; 30 ದಿನದಲ್ಲಿ ಉತ್ತರ ಬರಬೇಕು. ಅರ್ಜಿಯಲ್ಲಿ ‘ವಿಪತ್ತು ಅಧಿಕಾರಿಯ ಸಂಬಳ’ ಎಂದು ಬರೆದರೆ ಅಂಥ ಹುದ್ದೆ ಇಲ್ಲವೆಂಬ ಹಿಂಬರಹ ಬಂದೀತು. ಹುದ್ದೆಯ ಹೆಸರು ಹಿಡಿದೇ ಕೇಳಿ.