ಕತ್ತರಿಯಲ್ಲಿ ಅರಳುವ ಕಾಗದ

ಮಗುವಿನ ಕೈಗೆ ಲೇಖನಿ ಬರುವುದಕ್ಕೆ ಮೊದಲೇ ಕಾಗದ ಬಂದಿರುತ್ತದೆ. ಅದನ್ನು ಮಡಿಸಿ ದೋಣಿ ಮಾಡುವುದು, ಹರಿದು ಹಾರಿಸುವುದು ಎಳೆಯರ ಸಹಜಪ್ರವೃತ್ತಿ. ಈ ಪ್ರವೃತ್ತಿಗೆ ಶಿಸ್ತನ್ನು ಕಲಿಸುವುದೇ ಚಿತ್ರಕಲಾ ತರಗತಿಯಲ್ಲಿ ನಡೆಯುವ ಕಾಗದ ಕತ್ತರಿಸುವ ಅಭ್ಯಾಸದ ಉದ್ದೇಶ. ಒಂದು ಹಾಳೆ, ಒಂದು ಕತ್ತರಿ, ಸ್ವಲ್ಪ ಅಂಟು: ಇಷ್ಟೇ ಸಾಮಗ್ರಿ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಬಡಕುಟುಂಬದ ಮಗುವೂ ಸಾಧನಗಳ ಕೊರತೆಯಿಂದ ಹಿಂದುಳಿಯಬೇಕಾಗಿಲ್ಲದ ಕಲೆಯಿದು. ಆದರೂ ಇಂದು ಪಟ್ಟಣದ ಅಂಗಡಿಗಳಲ್ಲಿ ಯಂತ್ರದಿಂದ ಕತ್ತರಿಸಿದ ಹೂಗಳೂ ಚಿಟ್ಟೆಗಳೂ ಸಿದ್ಧವಾಗಿ ದೊರೆಯುತ್ತವೆ. ಶಿಕ್ಷಕರು ಕೊಟ್ಟ ಕೆಲಸವನ್ನು ತಂದೆತಾಯಿಗಳು ಕೊಂಡು ತರುತ್ತಾರೆ, ಮಗು ಅಂಟಿಸಿ ಒಪ್ಪಿಸುತ್ತದೆ, ಅಂಕ ಬೀಳುತ್ತದೆ. ಕೈ ಮಾತ್ರ ಏನನ್ನೂ ಕಲಿತಿರುವುದಿಲ್ಲ. ಆದುದರಿಂದ ಈ ಕಲೆಯ ಹಿನ್ನೆಲೆಯನ್ನೂ ಕ್ರಮವನ್ನೂ ಕೊಂಚ ವಿವರವಾಗಿ ತಿಳಿಯುವುದು ಯುಕ್ತ.

'ಕತ್ತರಿ' ಎಂಬುದು ಸಂಸ್ಕೃತದ 'ಕರ್ತರೀ' ಶಬ್ದದ ತದ್ಭವ. ಅದರ ಮೂಲ, ಕತ್ತರಿಸು ಎಂಬರ್ಥದ 'ಕೃತ್' ಧಾತು. ವ್ಯಾಕರಣ ಪಾಠದ 'ಕರ್ತರಿ ಪ್ರಯೋಗ'ದಲ್ಲಿರುವ ಕರ್ತರಿಯೇ ಬೇರೆ. ಅದು 'ಕರ್ತೃ' ಶಬ್ದದ ಸಪ್ತಮೀ ರೂಪ. ಅದರ ಮೂಲ, ಮಾಡು ಎಂಬರ್ಥದ 'ಕೃ' ಧಾತು. ಪ್ರೌಢಶಾಲೆಯ ಮಕ್ಕಳು ಇವೆರಡನ್ನೂ ಒಂದೆಂದು ತಿಳಿದು ನಗುವುದುಂಟು. ಶಬ್ದಶಾಸ್ತ್ರದಲ್ಲಿ ಅದು ತಪ್ಪಾದರೂ ಕಾಗದದ ಕಲೆಯಲ್ಲಿ ತಪ್ಪೆನ್ನಲಾಗದು. ಏಕೆಂದರೆ ಇಲ್ಲಿ ಕತ್ತರಿಸುವುದೇ ಮಾಡುವುದು. ಬಣ್ಣದ ಚಿತ್ರ ಸೇರಿಸುತ್ತ ಬೆಳೆದರೆ ಕಾಗದದ ಚಿತ್ರ ತೆಗೆಯುತ್ತ ಬೆಳೆಯುತ್ತದೆ. ಎಷ್ಟನ್ನು ತೆಗೆಯಬೇಕು, ಎಷ್ಟನ್ನು ಉಳಿಸಬೇಕು ಎಂಬ ವಿವೇಕವೇ ಇದರ ಪ್ರಾಣ.

ಕತ್ತರಿಸಿ ಚಿತ್ರಿಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಕಾಗದ ಬಳಕೆಗೆ ಬರುವ ಮೊದಲೇ ಎಲೆಗಳ ಮೇಲೆ ಇದು ನಡೆಯುತ್ತಿತ್ತು. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ 'ವಿಶೇಷಕಚ್ಛೇದ್ಯ'ವೂ ಒಂದು. ಹಣೆಯ ತಿಲಕಕ್ಕಾಗಿ ಎಲೆಯನ್ನು ಬಗೆಬಗೆಯ ಆಕೃತಿಗಳಲ್ಲಿ ಕತ್ತರಿಸುವುದೆಂದು ಅದರ ಅರ್ಥ. ಏಳನೆಯ ಶತಮಾನದ ಬಾಣಭಟ್ಟನು 'ಕಾದಂಬರಿ'ಯಲ್ಲಿ ರಾಜಕುಮಾರ ಚಂದ್ರಾಪೀಡನು ಕಲಿತ ವಿದ್ಯೆಗಳನ್ನು ಹೇಳುವಾಗ ಚಿತ್ರಕರ್ಮದೊಡನೆ 'ಪತ್ರಚ್ಛೇದ್ಯ'ವನ್ನೂ ಹೆಸರಿಸಿದ್ದಾನೆ. ವ್ಯಾಕರಣವನ್ನೂ ಶಸ್ತ್ರವಿದ್ಯೆಯನ್ನೂ ಕಲಿತ ಅರಸುಮಗನು ಎಲೆ ಕತ್ತರಿಸುವುದನ್ನೂ ಕಲಿತನೆಂಬುದು ಗಮನಾರ್ಹ. ಉತ್ತರದ ಮಥುರೆ, ವೃಂದಾವನಗಳಲ್ಲಿ 'ಸಾಂಝೀ' ಎಂಬ ಹೆಸರಿನಿಂದ ಇದು ಇಂದಿಗೂ ಉಳಿದಿದೆ. ಕಾಗದದಲ್ಲಿ ಕೃಷ್ಣಲೀಲೆಯ ಅಚ್ಚುಗಳನ್ನು ಕೊರೆದು, ಅವುಗಳ ಮೂಲಕ ಬಣ್ಣದ ಪುಡಿ ಉದುರಿಸಿ ನೆಲದ ಮೇಲೆ ಚಿತ್ರ ಬಿಡಿಸುತ್ತಾರೆ. ಕಾಗದದ ತವರಾದ ಚೀನದ ಕತ್ತರಿಚಿತ್ರಕಲೆಯನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಹೆನ್ರಿ ಮಾತೀಸ್, 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ ದೇಹ ಸೊರಗಿದ ಮೇಲೆ ಕತ್ತರಿಯನ್ನೇ ಮುಖ್ಯವಾಗಿ ನೆಚ್ಚಿ, ಬಣ್ಣ ಬಳಿದ ಕಾಗದಗಳನ್ನು ಕತ್ತರಿಸಿ ದೊಡ್ಡ ಕೃತಿಗಳನ್ನು ರಚಿಸಿದರು.

ಇಷ್ಟು ದೂರ ಹೋಗದೆಯೂ ಇದರ ಗುರುತುಗಳನ್ನು ಕಲಬುರಗಿ ಸೀಮೆಯಲ್ಲಿಯೇ ಕಾಣಬಹುದು. ದೀಪಾವಳಿಯ ಆಕಾಶಬುಟ್ಟಿಗೆ ಬಿದಿರುಕಡ್ಡಿಯ ಚೌಕಟ್ಟು ಕಟ್ಟಿ, ಬಣ್ಣದ ಹಾಳೆ ಹೊದಿಸಿ, ಅಂಚಿಗೆ ಕತ್ತರಿಸಿದ ಜಾಲರಿಯನ್ನು ಇಳಿಬಿಡುವುದು ವಾಡಿಕೆ. ಮದುವೆಯ ಬಾಸಿಂಗದಲ್ಲಿ ಬೇಗಡೆಯ ಮಿನುಗು. ಮೊಹರಮ್ಮಿನ ತಾಬೂತುಗಳ ಮೇಲೆ ಬಣ್ಣದ ಕಾಗದದ ಕಮಾನುಗಳೂ ಜಾಲಂಧ್ರಗಳೂ ಅರಳುತ್ತವೆ. ಈ ಭಾಗದ ಹಳ್ಳಿಗಳಲ್ಲಿ ಆ ಹಬ್ಬವನ್ನು ಎಲ್ಲ ಜಾತಿಮತದವರೂ ಕೂಡಿಯೇ ಆಚರಿಸುತ್ತಾರೆ. ಆಗಸ್ಟ್ 15ಕ್ಕೂ, ಹೈದರಾಬಾದ್ ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾದುದರ ನೆನಪಿನ ಸೆಪ್ಟೆಂಬರ್ 17ಕ್ಕೂ ಶಾಲೆಯ ಅಂಗಳದಲ್ಲಿ ಕಟ್ಟುವ ಪರಪರಿಯೂ ಇದೇ ಕಲೆಯ ಸರಳ ರೂಪ. ಆದ್ದರಿಂದ ಶಿಕ್ಷಕರು ಮಕ್ಕಳಿಗೆ ಪರಕೀಯವಾದುದನ್ನು ಕಲಿಸುತ್ತಿಲ್ಲ. ಮನೆಯಲ್ಲಿಯೂ ಬೀದಿಯಲ್ಲಿಯೂ ಕಂಡುದಕ್ಕೆ ಕ್ರಮವನ್ನು ಕಲಿಸುತ್ತಿದ್ದಾರೆ.

ಇನ್ನು ಆ ಕ್ರಮ. ಉದ್ದನೆಯ ಹಾಳೆಯ ಒಂದು ಮೂಲೆಯನ್ನು ಎದುರಿನ ಅಂಚಿಗೆ ಕೂಡಿಸಿ ಮಡಿಸಿ, ಹೊರಗುಳಿದ ಪಟ್ಟಿಯನ್ನು ತೆಗೆದರೆ ಅಳತೆಪಟ್ಟಿಯ ಹಂಗಿಲ್ಲದೆ ಸಮಚೌಕ ದೊರೆಯುತ್ತದೆ. ಚೌಕವನ್ನು ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ಅನಂತರ ನಡುಬಿಂದುವಿನಿಂದ ಓರೆಯಾಗಿ ಮಡಿಸಬೇಕು. ಮೂರು ಮಡಿಕೆಗಳಿಂದ ಎಂಟು ಪದರಗಳ ತ್ರಿಕೋನವಾಗುತ್ತದೆ. ಅದರ ಎರಡು ಬದಿಗಳು ಮಡಿಕೆಯವು, ಒಂದು ಬದಿ ಬಿಡಿ ಅಂಚಿನದು. ಎರಡು ಮಡಿಕೆಗಳು ಕೂಡುವ ಮೊನೆಯೇ ಹಾಳೆಯ ಕೇಂದ್ರ. ಒಂದು ಮಡಿಕೆಯ ಬದಿಯಲ್ಲಿ ಅರ್ಧ ಎಸಳನ್ನು ಕತ್ತರಿಸಿದರೆ, ಬಿಚ್ಚಿದಾಗ ನಾಲ್ಕು ಪೂರ್ಣ ಎಸಳುಗಳಾಗುತ್ತವೆ. ಎರಡೂ ಬದಿಯಲ್ಲಿ ಕತ್ತರಿಸಿದರೆ ಎಂಟು. ಮೊನೆಯನ್ನು ತುಂಡರಿಸಿದರೆ ನಡುವೆ ಕಿಂಡಿ, ಬಿಡಿ ಅಂಚನ್ನು ಕತ್ತರಿಸಿದರೆ ಸುತ್ತಲೂ ಬಳ್ಳಿಯಂಚು.

ನೆನಪಿಡಬೇಕಾದ ಮುಖ್ಯ ನಿಯಮ ಒಂದೇ. ಒಂದು ಬದಿಯಲ್ಲಿ ತೊಡಗಿದ ಕತ್ತರಿ ಅದೇ ಬದಿಗೆ ಮರಳಬೇಕು. ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಯವರೆಗೆ ಸಾಗಿದರೆ ಕೇಂದ್ರವೂ ಅಂಚೂ ಬೇರ್ಪಟ್ಟು ಹಾಳೆ ಎರಡಾಗುತ್ತದೆ. ಒಳಗಿನ ಸಣ್ಣ ಕಿಂಡಿಗಳನ್ನು ಮೊದಲು, ಹೊರಗಿನ ಅಂಚನ್ನು ಕೊನೆಗೆ ಕತ್ತರಿಸಬೇಕು. ಹಾಳೆ ಗಟ್ಟಿಯಾಗಿರುವಾಗಲೇ ನಯದ ಕೆಲಸ ಮುಗಿಯಬೇಕು. ಬಾಗುರೇಖೆ ಬಂದಾಗ ಕತ್ತರಿಯನ್ನು ತಿರುಗಿಸದೆ ಕಾಗದವನ್ನು ತಿರುಗಿಸಬೇಕು. ದಪ್ಪ ಹಾಳೆಗೆ ನಾಲ್ಕನೆಯ ಮಡಿಕೆ ಸಲ್ಲದು. ಪದರಗಳು ಜಾರಿ ಆಕೃತಿ ಕೆಡುತ್ತದೆ. ಅಭ್ಯಾಸಕ್ಕೆ ಹಳೆಯ ವೃತ್ತಪತ್ರಿಕೆಯೇ ಸಾಕು. ಕೊನೆಗೆ ಚಿತ್ರವನ್ನು ಪುಸ್ತಕದ ಅಡಿಯಲ್ಲಿಟ್ಟು ಸಮಮಾಡಿ, ಬೇರೆ ಬಣ್ಣದ ಹಾಳೆಯ ಮೇಲೆ ತೆಳುವಾದ ಅಂಟಿನಿಂದ ಕೂಡಿಸಬೇಕು.

ದುಂಡು ಹಾಳೆಯನ್ನು ಅರ್ಧಕ್ಕೆ ಮಡಿಸಿ, ಆ ಅರ್ಧವನ್ನು ಮೂರು ಸಮಪಾಲಾಗಿ ಮಡಿಸಿದರೆ 60 ಅಂಶದ ಕೋನ ದೊರೆಯುತ್ತದೆ. ಅದರ ಒಂದೇ ಮಡಿಕೆಯಲ್ಲಿ ಕತ್ತರಿಸಿದ ಅರ್ಧ ಎಲೆ ಬಿಚ್ಚಿದಾಗ ಮೂರೆಲೆಯಾಗುತ್ತದೆ. ಬಿಲ್ವಪತ್ರೆಯೂ ಮೂರೆಲೆಯದು, ಹೊಲದ ತೊಗರಿಯೂ ಮೂರೆಲೆಯದು. ಅಂಗಡಿಯ ಚಿಟ್ಟೆಯನ್ನು ಅನುಕರಿಸುವ ಬದಲು ಮಗು ತನ್ನ ಹೊಲದ ತೊಗರಿ ಎಲೆಯನ್ನೂ ಜೋಳದ ತೆನೆಯನ್ನೂ ನೋಡಿ ಕತ್ತರಿಸಲಿ. ಆಗ ಗಣಿತದ ಕೋನ, ಸಸ್ಯಶಾಸ್ತ್ರದ ಎಲೆ, ಅಜ್ಜಿಯ ರಂಗೋಲಿ ಮೂರೂ ಒಂದೇ ಹಾಳೆಯಲ್ಲಿ ಕೂಡುತ್ತವೆ.

ಈ ಅಭ್ಯಾಸದ ದೊಡ್ಡ ಪ್ರಯೋಜನ ಕಣ್ಣಿಗೆ ಕಾಣುವಂಥದಲ್ಲ. ಸೀಸದಕಡ್ಡಿಯ ತಪ್ಪಿಗೆ ರಬ್ಬರುಂಟು, ಕತ್ತರಿಯ ತಪ್ಪಿಗೆ ಏನೂ ಇಲ್ಲ. ಕತ್ತರಿಸುವ ಮೊದಲು ಬಿಚ್ಚಿದ ರೂಪವನ್ನು ಮನಸ್ಸಿನಲ್ಲಿ ಕಾಣಬೇಕು. ಕೆಟ್ಟರೆ ಇನ್ನೊಂದು ಹಾಳೆ ತೆಗೆದುಕೊಂಡು, ಎಲ್ಲಿ ಕೆಟ್ಟಿತೆಂಬುದನ್ನು ತಾನೇ ಹುಡುಕಬೇಕು. ಸಿದ್ಧವಸ್ತುವನ್ನು ಕೊಂಡು ತಂದಾಗ ಮಗು ಕಳೆದುಕೊಳ್ಳುವುದು ಇದನ್ನೇ. ಆದುದರಿಂದ ಈ ಕೆಲಸವನ್ನು ಮನೆಗೆ ಕಳುಹಿಸದೆ ತರಗತಿಯಲ್ಲಿಯೇ ಮಾಡಿಸುವುದು ಲೇಸು. ಸರಿಯಾದ ಚಿತ್ರದ ಪಕ್ಕದಲ್ಲಿ ಮೊದಲು ಕೆಟ್ಟ ಹಾಳೆಯನ್ನೂ ಅಂಟಿಸಲು ಹೇಳಿ, ಎರಡನ್ನೂ ನೋಡಿ ಅಂಕ ಕೊಡುವುದು ಇನ್ನೂ ಲೇಸು. ಕೆಟ್ಟ ಹಾಳೆ ಅಂಗಡಿಯಲ್ಲಿ ಸಿಗುವುದಿಲ್ಲ.

ಪರೀಕ್ಷೆ ಹತ್ತಿರವಾದಂತೆ ಮೊದಲು ಮಾಯವಾಗುವುದು ಚಿತ್ರಕಲೆಯ ಅವಧಿ. ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಮೇಲೆ ಆ ಸ್ಥಾನ ತುಂಬದೆ ಉಳಿದ ಶಾಲೆಗಳೂ ಉಂಟು. ದಾನಿಗಳು ಕಟ್ಟಡಕ್ಕೂ ಗಣಕಯಂತ್ರಕ್ಕೂ ಕೊಟ್ಟ ನೆರವು ಸ್ಮರಣೀಯವೇ. ಅದರೊಡನೆ ತರಗತಿಗೊಂದು ಪೆಟ್ಟಿಗೆ ಕತ್ತರಿ, ಕೆಲವು ದಸ್ತು ಬಣ್ಣದ ಹಾಳೆ, ವಾರಕ್ಕೆ ಒಂದು ಅವಧಿಯ ಭದ್ರತೆ ದೊರೆತರೆ ಅಲ್ಪವ್ಯಯದಲ್ಲಿ ಅಧಿಕ ಫಲ. ಬುಟ್ಟಿ ಹೆಣೆದ ಮೇದಾರ ಕೇತಯ್ಯನನ್ನೂ ಹೊಲಿಗೆಯ ಸೂಜಿಕಾಯಕದ ರಾಮಿತಂದೆಯನ್ನೂ ಶರಣರೆಂದು ಪೂಜಿಸುವ ಪರಂಪರೆಯಲ್ಲಿ ಕೈಗೆಲಸವು ಓದಿಗಿಂತ ಕೀಳೆಂಬ ಭಾವನೆಗೆ ಎಡೆಯಿಲ್ಲ.

ಸೂಜಿ ಕೂಡಿಸುತ್ತದೆ, ಕತ್ತರಿ ಅಗಲಿಸುತ್ತದೆ ಎಂದು ಹಿರಿಯರು ಬುದ್ಧಿ ಹೇಳುವುದುಂಟು. ಮಡಿಸಿದ ಹಾಳೆಯ ಮುಂದೆ ಕುಳಿತ ಮಗು ಅದಕ್ಕೊಂದು ಅಪವಾದವನ್ನು ಕಲಿಯುತ್ತದೆ. ಕತ್ತರಿಸದೆ ಬಿಟ್ಟ ತೆಳುವಾದ ಎಳೆಗಳೇ ಇಡೀ ಚಿತ್ರವನ್ನು ಹಿಡಿದು ನಿಲ್ಲಿಸುತ್ತವೆ. ಎಲ್ಲಿ ಕೈ ತಡೆಯಬೇಕೆಂಬುದನ್ನು ಬಲ್ಲವನ ಕೈಯಲ್ಲಿ ಕತ್ತರಿಯೂ ಕೂಡಿಸುವ ಸಾಧನವೇ.