ಅಮೃತಮಹಲ್ ಸೀಮೆಯಲ್ಲಿ ಉಣ್ಣೆ, ನೆತ್ತರು ಮತ್ತು ವಂಶವಾಹಿ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಜನಪದ ಬದುಕನ್ನು ದನಕರುಗಳಿಂದ ಬೇರ್ಪಡಿಸಿ ನೋಡಲಾಗದು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರು ಪಡೆಯಿತು. ಅದರ ಕಾವಲುಗಳು ಇಲ್ಲಿ ಇಂದಿಗೂ ಉಳಿದಿವೆ. ಆ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಕಾಯಿಲೆ ಬಿದ್ದಾಗ ‘ನೆತ್ತರು ಕೆಟ್ಟಿದೆ’ ಎನ್ನುವುದು ನಮ್ಮ ಆಡುಮಾತು. ಈ ಮಾತನ್ನು ಜೀವವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಲು, ಉಣ್ಣೆಯಿಂದ ಹರಡುವ ಥೈಲೇರಿಯಾ ರೋಗವು ತಕ್ಕ ನಿದರ್ಶನವಾಗಿದೆ.

ರಕ್ತಕಣಗಳೆಲ್ಲವೂ ಮೂಳೆಯ ಮಜ್ಜೆಯಲ್ಲಿರುವ ಆಕರಕೋಶಗಳಿಂದ ಹುಟ್ಟುತ್ತವೆ. ಆ ಕೋಶದಲ್ಲಿರುವ ವಂಶವಾಹಿಗಳಲ್ಲಿ ಯಾವುವು ಎಚ್ಚರಗೊಳ್ಳುತ್ತವೆ, ಯಾವುವು ಸುಪ್ತವಾಗಿರುತ್ತವೆ ಎಂಬುದರ ಮೇಲೆ ಅದು ಕೆಂಪುಕಣವಾಗುವುದೋ ಬಿಳಿಕಣವಾಗುವುದೋ ನಿರ್ಧಾರವಾಗುತ್ತದೆ. ಈ ಕಾರ್ಯವನ್ನು ನಡೆಸುವವು ನಿಯಂತ್ರಕ ಪ್ರೋಟೀನುಗಳು. ಮನುಷ್ಯರ ರಕ್ತ ಕ್ಯಾನ್ಸರಿನಲ್ಲಿ ಅನೇಕ ವೇಳೆ ಈ ನಿಯಂತ್ರಕಗಳ ವಂಶವಾಹಿಗಳೇ ತುಂಡಾಗಿ, ಬೇರೊಂದು ವಂಶವಾಹಿಯೊಡನೆ ಬೆಸೆದುಕೊಂಡಿರುತ್ತವೆ. ಆಗ ಎಳೆಯ ಬಿಳಿಕಣವು ಬಲಿಯದೆ ಬರಿದೇ ಹೆಚ್ಚುತ್ತ ಹೋಗುತ್ತದೆ.

ಥೈಲೇರಿಯಾ ಆನ್ಯುಲೇಟಾ ಎಂಬ ಪರೋಪಜೀವಿಯ ಮಾರ್ಗ ಬೇರೆ. ಅದು ದನದ ಬಿಳಿಕಣವನ್ನು ಹೊಕ್ಕು, ಎನ್‌ಎಫ್‌-ಕಪ್ಪಾಬಿಯಂತಹ ನಿಯಂತ್ರಕಗಳನ್ನು ಸದಾ ಎಚ್ಚರದಲ್ಲಿರಿಸುತ್ತದೆ. ಕಣವು ಕ್ಯಾನ್ಸರಿನಂತೆಯೇ ವಿಭಜನೆಗೊಳ್ಳುತ್ತದೆ. ಜೊತೆಯಲ್ಲಿ ಪರೋಪಜೀವಿಯೂ ಪಾಲಾಗಿ ಹೊಸ ಕಣಗಳಲ್ಲಿ ನೆಲೆಸುತ್ತದೆ. ಬುಪಾರ್ವಕ್ವೋನ್ ಔಷಧದಿಂದ ಪರೋಪಜೀವಿಯನ್ನು ಕೊಂದರೆ ಆ ಕಣಗಳ ಅತಿವೃದ್ಧಿ ನಿಲ್ಲುತ್ತದೆ. ಅಂದರೆ ಇಲ್ಲಿ ವಂಶವಾಹಿ ಮುರಿದಿಲ್ಲ, ಅದರ ಆಡಳಿತ ಮಾತ್ರ ಪರರ ಕೈವಶವಾಗಿದೆ. ಪ್ರಯೋಗಾಲಯದಲ್ಲಿ ಸತತವಾಗಿ ಬೆಳೆಸಿ ದುರ್ಬಲಗೊಳಿಸಿದ ಇಂತಹ ಕಣಗಳಿಂದಲೇ ಭಾರತದಲ್ಲಿ ರಕ್ಷಾವ್ಯಾಕ್‌-ಟಿ ಲಸಿಕೆ ತಯಾರಾಗಿದೆ ಎಂಬುದು ಗಮನಾರ್ಹ.

ಇಲ್ಲಿ ತಳಿಯ ಪಾತ್ರವೂ ಇದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೋಲ್‌ಸ್ಟೀನ್ ಕರುಗಳು ತಾಳಲಾರದ ಸೋಂಕನ್ನು ಸಾಹಿವಾಲ್ ಎಂಬ ದೇಶೀ ತಳಿಯ ಕರುಗಳು ತಾಳಿಕೊಂಡವು. ನಮ್ಮ ಹಳ್ಳಿಗಳಲ್ಲಿ ಇಂದು ಮಿಶ್ರತಳಿಯ ಹಸುಗಳು ಹೆಚ್ಚಾಗಿರುವುದರಿಂದ ಈ ಸಂಗತಿ ರೈತನ ಬದುಕಿಗೆ ನೇರವಾಗಿ ಸಂಬಂಧಿಸಿದೆ. ಜ್ವರದೊಡನೆ ಹೆಗಲ ಮುಂದಿನ ಗ್ರಂಥಿ ಊದಿದರೆ ಕಾಯದೆ ಪಶುವೈದ್ಯರನ್ನು ಕಾಣಬೇಕು. ತಡವಾದಲ್ಲಿ ಪರೋಪಜೀವಿಯು ಕೆಂಪುಕಣಗಳಿಗೂ ಹರಡಿ ರಕ್ತಹೀನತೆ ತಲೆದೋರುತ್ತದೆ.

ಈ ಹಿನ್ನೆಲೆಯಲ್ಲಿ ‘ನೆತ್ತರು ಕೆಟ್ಟಿದೆ’ ಎಂಬ ಮಾತು ಅರ್ಧಸತ್ಯ. ಕೆಟ್ಟಿರುವುದು ನೆತ್ತರಲ್ಲ, ಅದನ್ನು ಆಳುವ ಕಟ್ಟಳೆ. ಆದರೆ ದನದ ಮೈತಡವಿ ಉಣ್ಣೆ ಕೀಳುವ ದನಗಾಹಿಯ ನಿತ್ಯದ ರೂಢಿಯು ರೋಗದ ಹಾದಿಯನ್ನೇ ಕಡಿಯುವ ಕ್ರಮ. ವಿಜ್ಞಾನವೂ ಅದನ್ನು ಎತ್ತಿಹಿಡಿಯುತ್ತದೆ. ಆದುದರಿಂದ ಜನಪದ ಪಶುವೈದ್ಯದ ಅಧ್ಯಯನವು ಮದ್ದುಗಳ ಪಟ್ಟಿಗೆ ಸೀಮಿತವಾಗದೆ ಇಂತಹ ರೂಢಿಗಳನ್ನೂ ದಾಖಲಿಸಬೇಕಾಗಿದೆ.